ದಕ್ಕೆಯ ಬೆಕ್ಕಿಗೆ 61 ದಿನ ಉಪವಾಸ: ಕೇಳುವವರು ಯಾರು?

ಮಂಗಳೂರು: ಜೂನ್ 1 ಬಂತೆಂದರೆ ಬಂದರು ದಕ್ಕೆಯ ಗದ್ದಲ ಅಡಗುತ್ತದೆ. ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಸಾಲಾಗಿ ನಿಲ್ಲುತ್ತವೆ. ಹೊರರಾಜ್ಯದಿಂದ ಬಂದ ಬೋಟಿನ ಕೆಲಸಗಾರರು ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಾರೆ. ಮುಂಜಾನೆಯ ಏಲಂ ಕೂಗು ಇಲ್ಲ, ಬುಟ್ಟಿ ಹಿಡಿದ ಹೆಂಗಸರ ನೂಕುನುಗ್ಗಲು ಇಲ್ಲ, ಐಸು ಹೊತ್ತ ಲಾರಿಯ ಹಾರ್ನೂ ಇಲ್ಲ. ಜುಲೈ 31ರ ವರೆಗೆ, ಲೆಕ್ಕ ಹಾಕಿ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಅದಕ್ಕೆ ತೊಂದರೆಯಾಗಬಾರದು ಎಂದು ಸರ್ಕಾರದ ನಿಯಮ. ಮೀನಿಗೆ ಹೆರಿಗೆ ರಜೆ ಎನ್ನಿ. ಒಳ್ಳೆಯದೇ.

ಆದರೆ ಅದೇ ದಕ್ಕೆಯಲ್ಲಿ ಇನ್ನೊಂದು ಜಾತಿ ಉಂಟು. ಅದಕ್ಕೆ ರಜೆ ಇಲ್ಲ, ರೇಷನ್ ಕಾರ್ಡು ಇಲ್ಲ, ಹೋಗುವುದಕ್ಕೆ ಬೇರೆ ಊರೂ ಇಲ್ಲ. ತುಳುವಿನಲ್ಲಿ ಅದು ಪುಚ್ಚೆ, ಕೊಂಕಣಿಯಲ್ಲಿ ಮಾಜರ್, ಕನ್ನಡದಲ್ಲಿ ಬೆಕ್ಕು.

ದಕ್ಕೆಯ ಬೆಕ್ಕು ಹತ್ತು ತಿಂಗಳು ಶ್ರೀಮಂತ. ಬುಟ್ಟಿಯಿಂದ ಜಾರಿದ ಬೂತಾಯಿ, ಕತ್ತರಿಸಿ ಬಿಸಾಡಿದ ಬಂಗುಡೆಯ ತಲೆ, ಬಲೆ ಕೊಡವುವಾಗ ಉದುರಿದ ಚಿಲ್ಲರೆ ಮೀನು ಎಲ್ಲವೂ ಅದರ ಪಾಲು. ಮನೆಯ ಬೆಕ್ಕಿಗೂ ಇಲ್ಲದ ಭೋಗ. ಜೂನ್ ಬಂದ ಕೂಡಲೇ ಅನ್ನದ ಬಾಗಿಲು ಧಡಾರನೆ ಮುಚ್ಚುತ್ತದೆ. ನಾಡದೋಣಿಯವರು ತಂದ ನಾಲ್ಕು ಮೀನಿಗೆ ಮನುಷ್ಯರದ್ದೇ ಪೈಪೋಟಿ. ಮನೆಮನೆಗಳಲ್ಲಿ ಒಣಮೀನಿನ ಡಬ್ಬಿ ಕೆಳಗಿಳಿಯುವ ಕಾಲ ಅದು. ಮೇಲಿನಿಂದ ಎಡೆಬಿಡದ ಮಳೆ. ಏಪ್ರಿಲ್-ಮೇ ತಿಂಗಳಲ್ಲಿ ಹುಟ್ಟಿದ ಮರಿಗಳಿಗೆ ಆಗ ತಾಯಿಹಾಲು ಬಿಡುವ ಪ್ರಾಯ. ತಾಯಿಯ ಹೊಟ್ಟೆಗಿಲ್ಲ, ಮರಿಯ ಬಾಯಿಗಿಲ್ಲ. ಕಡಲಿನ ಮೀನಿನ ಸಂತಾನಕ್ಕೆ ಇಷ್ಟು ಕಾಳಜಿ ಮಾಡುವ ನಾವು, ಕಾಲಬುಡದಲ್ಲಿ ಸಾಯುವ ಈ ಸಂತಾನದ ಬಗ್ಗೆ ಎಂದಾದರೂ ಯೋಚಿಸಿದ್ದುಂಟೇ?

ಬೆಕ್ಕಿನ ವಿಷಯ ಎತ್ತಿದರೆ ಜನ ನಗುತ್ತಾರೆ. ಬೀದಿನಾಯಿಯ ಸುದ್ದಿಯಾದರೆ ಕೋರ್ಟು, ಕಚೇರಿ, ಟಿವಿ ಎಲ್ಲ ಕಡೆ ಚರ್ಚೆ. 2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳಾದ ಮೇಲಂತೂ ಚಾ ಅಂಗಡಿಯಲ್ಲೂ ಅದೇ ಮಾತು. ಬೆಕ್ಕು ಕಚ್ಚಲು ಅಟ್ಟಿಸಿಕೊಂಡು ಬರುವುದಿಲ್ಲ, ರಾತ್ರಿ ಬೈಕಿನ ಹಿಂದೆ ಓಡುವುದಿಲ್ಲ. ಆದ್ದರಿಂದ ಅದು ಸುದ್ದಿಯೂ ಅಲ್ಲ. ಸದ್ದಿಲ್ಲದೆ ಹುಟ್ಟುತ್ತದೆ, ಸದ್ದಿಲ್ಲದೆ ಸಾಯುತ್ತದೆ.

"ಅಲ್ಲಿ ಮೀನು ಉಂಟಲ್ಲ!"

ಈ ಬೆಕ್ಕುಗಳೆಲ್ಲ ದಕ್ಕೆಯಲ್ಲಿಯೇ ಹುಟ್ಟಿದ್ದಾ? ಅಲ್ಲ. ಎಷ್ಟೋ ನಾವೇ ಕೊಟ್ಟದ್ದು.

ಪೇಟೆಯ ಮನೆಗಳಲ್ಲಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಮನೆಯ ಬೆಕ್ಕು ಅಟ್ಟದಲ್ಲೋ ಸೌದೆ ಕೊಟ್ಟಿಗೆಯಲ್ಲೋ ಮೂರು-ನಾಲ್ಕು ಮರಿ ಹಾಕುತ್ತದೆ. ತಾಯಿ ಅವನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ. ಮರಿ ಕಣ್ಣು ಬಿಟ್ಟ ಮೇಲೆ ಮಕ್ಕಳಿಗೆ ಹಬ್ಬ. ತಿಂಗಳೊಂದು ಕಳೆದು, ಮರಿಗಳು ಚಾಪೆ ಹೊಲಸು ಮಾಡಿ ಹಾಲಿನ ಪಾತ್ರೆಗೆ ಬಾಯಿ ಹಾಕಿದ ಮೇಲೆ ಮನೆಯಲ್ಲಿ ಸಭೆ ಸೇರುತ್ತದೆ. ಗಂಡು ಮರಿಯಾದರೆ ಕೇಳುವವರು ಒಬ್ಬರಾದರೂ ಸಿಗುತ್ತಾರೆ. ಹೆಣ್ಣು ಮರಿ ಯಾರಿಗೂ ಬೇಡ. ಕೊನೆಗೆ ಒಂದು ಸಂಜೆ ರಟ್ಟಿನ ಪೆಟ್ಟಿಗೆಯೋ ಗೋಣಿಚೀಲವೋ ಸ್ಕೂಟರು ಹತ್ತುತ್ತದೆ. ಸ್ಕೂಟರು ನಿಲ್ಲುವುದು ಮೀನು ಮಾರ್ಕೆಟಿನ ಹಿಂದೆ, ಇಲ್ಲವೇ ಹೋಟೆಲಿನ ಹಿತ್ತಿಲಿನಲ್ಲಿ, ಇಲ್ಲವೇ ದಕ್ಕೆಯಲ್ಲಿ. ಬೆಕ್ಕಿಗೆ ಮನೆಯ ದಾರಿ ತಿಳಿಯಬಾರದೆಂದು ಹೊಳೆ ದಾಟಿಸಿ ಬಿಡುವವರೂ ಉಂಟು.

"ಕೊಲ್ಲಲಿಲ್ಲವಲ್ಲ ಮಾರಾಯ್ರೆ, ಮೀನು ಇರುವಲ್ಲಿ ಬಿಟ್ಟದ್ದು. ಹೇಗಾದರೂ ಬದುಕಿಕೊಳ್ತದೆ" ಎಂಬುದು ಸಾಮಾನ್ಯ ಸಮಾಧಾನ.

ಬದುಕಿಕೊಳ್ಳುತ್ತದೆಯೇ? ಮರಿ ತಾಯಿಹಾಲು ಪೂರ್ತಿ ಬಿಡಲು ಸುಮಾರು ಎರಡು ತಿಂಗಳು ಬೇಕು. ಅಡಗುವುದು, ಹಾರುವುದು, ಯಾರನ್ನು ಕಂಡು ಓಡಬೇಕೆಂಬುದು ಎಲ್ಲವನ್ನೂ ಅದು ತಾಯಿಯ ಹಿಂದೆ ತಿರುಗಿ ಕಲಿಯುತ್ತದೆ. ತಿಂಗಳ ಮರಿಯನ್ನು ಲಾರಿ, ನಾಯಿ, ಕಾಗೆ, ಹದ್ದುಗಳ ನಡುವೆ ಇಟ್ಟು ಬಂದು "ಬದುಕಿಕೊಳ್ತದೆ" ಎನ್ನುವುದು, ಅಂಗನವಾಡಿಯ ಮಗುವನ್ನು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಿಟ್ಟು "ಅಲ್ಲಿ ಹೋಟೆಲು ಉಂಟಲ್ಲ" ಎಂದ ಹಾಗೆ.

ಇದು ಬರೀ ದಯೆ-ದಾಕ್ಷಿಣ್ಯದ ಮಾತಲ್ಲ, ಕಾನೂನಿನ ಮಾತೂ ಹೌದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ! ಇಂದು ಆ ದುಡ್ಡಿಗೆ ಹೋಟೆಲಿನಲ್ಲಿ ಒಂದು ಒಳ್ಳೆಯ ಬಂಗುಡೆ ಫ್ರೈ ಸಿಗುವುದೂ ಕಷ್ಟ. ಹೀಗಿರುವಾಗ ಕಾನೂನಿಗೆ ಹೆದರುವವರು ಯಾರು?

ಲೆಕ್ಕ ಎಲ್ಲಿ ಸರಿಯಾಗುತ್ತದೆ?

ಈಗ ಲೆಕ್ಕಕ್ಕೆ ಬರೋಣ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಒಂಬತ್ತು ವಾರ, ಅಂದರೆ ಸುಮಾರು 63ರಿಂದ 65 ದಿನ. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗುವುದುಂಟು. ಹಗಲು ಉದ್ದವಿರುವಷ್ಟು ಕಾಲ ಬೆಕ್ಕು ಬೆದೆಗೆ ಬರುತ್ತದೆ. ಚಳಿ ದೇಶಗಳಲ್ಲಿ ಹಗಲು ಗಿಡ್ಡವಾದಾಗ ಅದಕ್ಕೊಂದು ಬಿಡುವು. ನಮ್ಮ ಕರಾವಳಿಯಲ್ಲಿ ಹಗಲಿನ ಉದ್ದ ವರ್ಷವಿಡೀ ಅಂಥ ವ್ಯತ್ಯಾಸವಾಗುವುದಿಲ್ಲ. ಹಾಗಾಗಿ ಇಲ್ಲಿಯ ಬೆಕ್ಕಿಗೆ ಬಿಡುವೂ ಇಲ್ಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಕಂಡು ನಾವು ಆರತಿಗೊಂದು ಕೀರ್ತಿಗೊಂದು ಎಂದು ಕಲಿತೆವು. ಪಾಪ, ಬೆಕ್ಕಿಗೆ ಓದು ಬರುವುದಿಲ್ಲ.

"ಒಂದು ಜೋಡಿ ಬೆಕ್ಕಿನಿಂದ ಏಳು ವರ್ಷದಲ್ಲಿ ನಾಲ್ಕು ಲಕ್ಷ ಬೆಕ್ಕು" ಎಂಬ ಮಾತೊಂದು ಬಹಳ ಕಾಲದಿಂದ ಓಡಾಡುತ್ತಿದೆ. ನಂಬಬೇಡಿ. ಹಾಗೆ ಆಗಿದ್ದರೆ ಇಂದು ಮಂಗಳೂರಿನಲ್ಲಿ ಮನುಷ್ಯರಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಲೆಕ್ಕದಲ್ಲಿ ಸಾವನ್ನು ಹಿಡಿದೇ ಇಲ್ಲ.

ಸಾವನ್ನು ಹಿಡಿದು ಲೆಕ್ಕ ಮಾಡಿದವರಿದ್ದಾರೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಪಶುವೈದ್ಯ ಸಂಶೋಧಕರು ಬೀದಿ ಬೆಕ್ಕುಗಳ 169 ಮರಿಗಳ ಮೇಲೆ ಕಣ್ಣಿಟ್ಟು 2004ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳು ತುಂಬುವ ಮೊದಲೇ 127 ಮರಿಗಳು ಸತ್ತಿದ್ದವು, ಇಲ್ಲವೇ ಕಾಣೆಯಾಗಿದ್ದವು. ಅಂದರೆ ನಾಲ್ಕರಲ್ಲಿ ಮೂರು! ಒಂದು ಬೆಕ್ಕು ವರ್ಷಕ್ಕೆ ಸರಾಸರಿ 1.4 ಸಲ ಮರಿ ಹಾಕುತ್ತದೆ, ಒಂದು ಸೂಲಿಗೆ ಸಾಮಾನ್ಯವಾಗಿ ಮೂರು ಮರಿ ಎಂಬುದೂ ಅದೇ ವರದಿಯ ಲೆಕ್ಕ.

ಇದೇ ಅಂಕಿಯನ್ನು ನಮ್ಮ ಕಡೆಗೆ ತಿರುಗಿಸಿ. ಒಂದು ಕಡೆ ಹತ್ತು ಹೆಣ್ಣು ಬೆಕ್ಕು ಇವೆ ಎನ್ನೋಣ. ವರ್ಷಕ್ಕೆ 42 ಮರಿ. ಅದರಲ್ಲಿ 30ಕ್ಕಿಂತ ಹೆಚ್ಚು ಮಣ್ಣಿಗೆ. ಉಳಿದದ್ದು ಹತ್ತೋ ಹನ್ನೊಂದೋ. "ದಕ್ಕೆಯಲ್ಲಿ ಬೆಕ್ಕು ಯಾವಾಗಲೂ ಅಷ್ಟೇ ಇರ್ತವೆ, ಜಾಸ್ತಿ ಆಗುವುದಿಲ್ಲ" ಎನ್ನುವವರು ಇದನ್ನು ಗಮನಿಸಬೇಕು. ಬೆಕ್ಕಿನ ಸಂಖ್ಯೆಯನ್ನು ಈಗಲೂ ನಿಯಂತ್ರಣ ಮಾಡಲಾಗುತ್ತಿದೆ. ಮಾಡುತ್ತಿರುವುದು ಪಶುವೈದ್ಯರಲ್ಲ, ಹಸಿವು, ರೋಗ ಮತ್ತು ಲಾರಿಯ ಚಕ್ರ.

ಇಲಿ ಹಿಡಿಯುವ ಕೆಲಸಗಾರನೇ?

"ಬೆಕ್ಕು ಇದ್ದರೆ ಇಲಿ ಇರುವುದಿಲ್ಲ, ಅದು ಇರಲಿ ಬಿಡಿ" ಎನ್ನುವ ಒಂದು ಪಕ್ಷ ಉಂಟು. ಇಲಿಯ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಹಂಚಿದ, ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿ ಹಾಲಿಗೆ ಹೆದರಿ ಓಡಿತು ಎಂಬ ಕತೆ ನಾವು ಕೇಳಿ ಬೆಳೆದದ್ದು. ಕತೆಯಲ್ಲಿಯೂ ಸರ್ಕಾರಿ ಬೆಕ್ಕಿನ ಯೋಜನೆ ಕೊನೆಗೆ ನಗೆಪಾಟಲಾಯಿತು ಎಂಬುದನ್ನು ಮರೆಯಬಾರದು.

ನಿಜ ಸಂಗತಿಯೂ ಹೆಚ್ಚು ಕಡಿಮೆ ಹಾಗೆಯೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ವಿಂಗಡಿಸುವ ಒಂದು ಘಟಕದಲ್ಲಿ ಇಲಿಗಳ ದಂಡೇ ಇತ್ತು, ಬೆಕ್ಕುಗಳೂ ಇದ್ದವು. ಸಂಶೋಧಕರು ಕ್ಯಾಮರಾ ಇಟ್ಟು 79 ದಿನ ನೋಡಿದರು. ಬೆಕ್ಕುಗಳು ಕೊಂದ ಇಲಿ ಎಷ್ಟು ಗೊತ್ತೇ? ಎರಡು! ಆ ವರದಿ ಬಂದದ್ದು 2018ರಲ್ಲಿ. ಸಣ್ಣ ಇಲಿಯನ್ನು ಬೆಕ್ಕು ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಬಂದರಿನ ಗೋಡೌನಿನಲ್ಲಿ ಓಡಾಡುವ ಹೆಗ್ಗಣವನ್ನು ಕಂಡರೆ ಎಷ್ಟೋ ಬೆಕ್ಕುಗಳು ದಾರಿ ಬಿಟ್ಟುಕೊಡುತ್ತವೆ. ಇಲಿಜ್ವರ ತಡೆಯಬೇಕಾದರೆ ಕೊಳೆ ತೆಗೆಯಬೇಕು, ಬೆಕ್ಕು ತುಂಬಿಸಿ ಪ್ರಯೋಜನವಿಲ್ಲ.

ವಿಷ ಹಾಕಿದರೆ ಮುಗಿಯಿತೇ?

ಇನ್ನೊಂದು ಪಕ್ಷಕ್ಕೆ ಇಷ್ಟು ತಾಳ್ಮೆ ಇಲ್ಲ. "ಒಂದು ಮೀನಿಗೆ ಮದ್ದು ಹಾಕಿ ಇಟ್ಟರೆ ಮುಗೀತು" ಎಂದು ಪಿಸುಗುಟ್ಟುವವರು ಎಲ್ಲ ಊರಲ್ಲೂ ಇದ್ದಾರೆ. ಅವರು ಎರಡು ವಿಷಯ ತಿಳಿದುಕೊಳ್ಳಬೇಕು.

ಒಂದು, ಅದು ಜೈಲಿನ ದಾರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದಕ್ಕೆ ಐದು ವರ್ಷದ ವರೆಗೆ ಸಜೆಯಾಗಬಹುದು. ಇಲ್ಲಿ 50 ರೂಪಾಯಿಯ ತಮಾಷೆ ನಡೆಯುವುದಿಲ್ಲ.

ಎರಡು, ಅದರಿಂದ ಬೆಕ್ಕು ಕಡಿಮೆಯಾಗುವುದೂ ಇಲ್ಲ. ಆಸ್ಟ್ರೇಲಿಯಾದ ತಾಸ್ಮೇನಿಯಾದಲ್ಲಿ ಕಾಡು ಸೇರಿದ ಬೆಕ್ಕುಗಳನ್ನು ಎರಡು ಕಡೆ ಹಿಡಿದು ತೆಗೆದು ನೋಡಿದರು. ಕಡಿಮೆಯಾಗುವ ಬದಲು ಅವುಗಳ ಸಂಖ್ಯೆ ಒಂದು ಕಡೆ 75 ಶೇಕಡಾ, ಇನ್ನೊಂದು ಕಡೆ 211 ಶೇಕಡಾ ಏರಿತು! ಇದ್ದ ಗಟ್ಟಿ ಬೆಕ್ಕು ಹೋದ ಮೇಲೆ ಖಾಲಿ ಬಿದ್ದ ಜಾಗಕ್ಕೆ ಸುತ್ತಲಿನ ಹೊಸ ಬೆಕ್ಕುಗಳು ನುಗ್ಗಿದವು ಎಂದು ತಿಳಿದವರ ಊಹೆ. ಅನ್ನ ಇರುವ ಜಾಗ ಖಾಲಿ ಉಳಿಯುವುದಿಲ್ಲ. ದಕ್ಕೆಯಂಥ ಜಾಗವಂತೂ ಕೇಳುವುದೇ ಬೇಡ.

ಕೊಂದೇ ಮುಗಿಸಿದ ಉದಾಹರಣೆಯೂ ಉಂಟು. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪಕ್ಕೆ 1949ರಲ್ಲಿ ಐದು ಬೆಕ್ಕು ತಂದರು. 1977ರ ಹೊತ್ತಿಗೆ ಅವು ಸುಮಾರು 3,400 ಆದವು. ಕಡಲಹಕ್ಕಿಗಳ ವಂಶವೇ ನಾಶವಾಗುವುದನ್ನು ಕಂಡು ರೋಗಾಣು ಬಿಟ್ಟರು, ಬಂದೂಕು ಹಿಡಿದರು, ಬೋನು ಇಟ್ಟರು, ವಿಷ ಹಾಕಿದರು. ಕೊನೆಯ ಬೆಕ್ಕು ಹೋದದ್ದು 1991ರಲ್ಲಿ. ಜನವಸತಿಯಿಲ್ಲದ, ಹೊಸ ಬೆಕ್ಕು ಬರಲು ದಾರಿಯೇ ಇಲ್ಲದ ದ್ವೀಪದಲ್ಲಿ ಹದಿನಾಲ್ಕು ವರ್ಷ! ಮಂಗಳೂರು ದ್ವೀಪವಲ್ಲ. ಇಲ್ಲಿ ಪ್ರತಿ ಸಂಜೆ ಒಂದು ಸ್ಕೂಟರು ಬರಬಹುದು.

ಹಿಡಿಯಿರಿ, ಆಪರೇಷನ್ ಮಾಡಿಸಿರಿ, ಅಲ್ಲಿಯೇ ಬಿಡಿರಿ

ಹಾಗಾದರೆ ದಾರಿ ಯಾವುದು? ಬೆಕ್ಕನ್ನು ನೋವಾಗದಂತೆ ಬೋನಿನಲ್ಲಿ ಹಿಡಿಯುವುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು, ಅದೇ ಹೊತ್ತಿಗೆ ಹುಚ್ಚುರೋಗದ ಲಸಿಕೆ ಹಾಕಿಸುವುದು, ಎಲ್ಲಿ ಹಿಡಿದೆವೋ ಅಲ್ಲಿಯೇ ಬಿಡುವುದು. ಬೆಕ್ಕಿಗೆ ಮದ್ದಿನ ಮತ್ತು ಇರುವಾಗಲೇ ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ಅದು ಗುರುತು. ಮುಂದಿನ ವರ್ಷ ದೂರದಿಂದ ಕಿವಿ ನೋಡಿದರೆ ಸಾಕು, ಅದೇ ಬೆಕ್ಕನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯುವ ಪ್ರಸಂಗ ಬರುವುದಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿದವಂತೆ. ಗಂಟೆ ಬೇಡ, ಕಿವಿಯ ತುದಿ ಸಾಕು.

ಇದು ಪುಸ್ತಕದ ಬದನೆಕಾಯಿ ಅಲ್ಲ. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣದಲ್ಲಿ 1991ರಲ್ಲಿ ಈ ಕೆಲಸ ಶುರು ಮಾಡಿದರು. 1996ರಲ್ಲಿ ಅಲ್ಲಿ 68 ಬೆಕ್ಕು ಇದ್ದವು, 2002ರಲ್ಲಿ ಉಳಿದದ್ದು 23. ಹನ್ನೊಂದು ವರ್ಷದಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕಿದ ಒಟ್ಟು 155 ಬೆಕ್ಕುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಮನೆಯೂ ಸಿಕ್ಕಿತು. ಗುಟ್ಟು ಇಷ್ಟೇ: ಸಿಕ್ಕಿದ ಬೆಕ್ಕುಗಳಿಗೆಲ್ಲ ಆಪರೇಷನ್ ಮಾಡಿಸಿದರು, ಸಾಧು ಬೆಕ್ಕುಗಳನ್ನು ಮನೆಗೆ ಸೇರಿಸಿದರು, ಹೊಸದಾಗಿ ಬಂದದ್ದನ್ನು ಕೂಡಲೇ ಹಿಡಿದರು.

ಇನ್ನೊಂದು ಕಡೆಯ ಪಾಠ ನಮಗೆ ಹೆಚ್ಚು ಮುಖ್ಯ. ಇಟಲಿಯಲ್ಲಿ 1991ರ ಕಾನೂನಿನ ಪ್ರಕಾರ ಬೀದಿ ಬೆಕ್ಕನ್ನು ಕೊಲ್ಲುವಂತಿಲ್ಲ, ಆಪರೇಷನ್ ಮಾಡಿಸಿ ಅದರ ಜಾಗದಲ್ಲಿಯೇ ಬಿಡಬೇಕು. ರೋಮ್ ನಗರದಲ್ಲಿ ಹತ್ತು ವರ್ಷದಲ್ಲಿ ಸುಮಾರು 8,000 ಬೆಕ್ಕುಗಳಿಗೆ ಆಪರೇಷನ್ ಆಯಿತು. ಬೆಕ್ಕಿನ ಗುಂಪುಗಳನ್ನು ಎಣಿಸಿ 2006ರಲ್ಲಿ ವರದಿ ಕೊಟ್ಟವರು ಹೇಳಿದ್ದೇನು? ಸಂಖ್ಯೆ 16ರಿಂದ 32 ಶೇಕಡಾ ಇಳಿದಿದೆ, ಸರಿ. ಆದರೆ ಬಿಟ್ಟುಹೋದದ್ದು, ತಾನಾಗಿ ಬಂದು ಸೇರಿದ್ದು ಎಂದು 21 ಶೇಕಡಾದಷ್ಟು ಹೊಸ ಬೆಕ್ಕು ಬಂದಿದೆ! ಮನೆಯ ಬೆಕ್ಕಿನ ಸಂತಾನ ತಡೆಯಲು ಜನರಿಗೆ ತಿಳಿವಳಿಕೆ ಕೊಡದಿದ್ದರೆ ಈ ದುಡ್ಡು, ಸಮಯ, ಶ್ರಮ ಎಲ್ಲ ದಂಡ ಎಂದು ಅವರು ಕಡ್ಡಿ ಮುರಿದ ಹಾಗೆ ಬರೆದಿದ್ದಾರೆ.

ಅಂದರೆ ದಕ್ಕೆಯ ಬೆಕ್ಕಿನ ಪ್ರಶ್ನೆಗೆ ಅರ್ಧ ಉತ್ತರ ದಕ್ಕೆಯಲ್ಲಿದೆ, ಇನ್ನರ್ಧ ನಮ್ಮ ನಿಮ್ಮ ಮನೆಯ ಅಟ್ಟದಲ್ಲಿದೆ.

61 ದಿನವೇ ಸುಮುಹೂರ್ತ

ಈಗ ನಾವು ಹೇಳಬೇಕಾದ ಮುಖ್ಯ ಮಾತು. ದಕ್ಕೆಯ ಬೆಕ್ಕಿಗೆ ಶಾಪವಾದ 61 ದಿನವನ್ನೇ ವರವಾಗಿ ಮಾಡಿಕೊಳ್ಳಲು ಸಾಧ್ಯ ಉಂಟು.

ಬೆಕ್ಕು ಹಿಡಿದವರನ್ನು ಕೇಳಿ ನೋಡಿ. ಹೊಟ್ಟೆ ತುಂಬಿದ ಬೆಕ್ಕು ಬೋನಿನ ಹತ್ತಿರವೂ ಸುಳಿಯುವುದಿಲ್ಲ. ಸುತ್ತಮುತ್ತ ರಾಶಿ ಮೀನು ಬಿದ್ದಿರುವ ಜನವರಿಯಲ್ಲಿ ಬೋನಿನೊಳಗಿನ ಒಂದು ಬೂತಾಯಿಗೆ ಬೆಲೆ ಏನು? ಜೂನ್ ತಿಂಗಳಿನಲ್ಲಿ ಹಾಗಲ್ಲ. ಅದೇ ಬೂತಾಯಿಯ ವಾಸನೆಗೆ ಹಸಿದ ಬೆಕ್ಕು ತಾನಾಗಿ ಬರುತ್ತದೆ. ಆಗ ದಕ್ಕೆಯಲ್ಲಿ ಲಾರಿ ಇಲ್ಲ, ಜನಸಂದಣಿ ಇಲ್ಲ. ಬಲೆ ರಿಪೇರಿಗೆ ಕೂತ ಬೋಟಿನವರಿಗೆ ಯಾವ ಬೆಕ್ಕು ಎಲ್ಲಿ ಮಲಗುತ್ತದೆ, ಯಾವುದರ ಹೊಟ್ಟೆ ಇಳಿದಿದೆ ಎಂಬುದು ಬಾಯಿಪಾಠ.

ಇನ್ನೊಂದು ಲೆಕ್ಕವನ್ನೂ ನೋಡಿ. ನಿಷೇಧ 61 ದಿನ, ಬೆಕ್ಕಿನ ಗರ್ಭ 63ರಿಂದ 65 ದಿನ. ಜೂನ್ 1ರಂದು ಗಬ್ಬವಾದ ಬೆಕ್ಕು ಮರಿ ಹಾಕುವುದು ಆಗಸ್ಟ್ ಮೊದಲ ವಾರದಲ್ಲಿ, ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಸರಿಯಾಗಿ. ಈ ಎರಡು ತಿಂಗಳಲ್ಲಿ ಕೆಲಸ ಮುಗಿಸಿದರೆ ಹೊಸ ಹಂಗಾಮಿನ ಮೀನಿನ ಜೊತೆ ಹೊಸ ಮರಿಗಳ ದಂಡು ಏಳುವುದಿಲ್ಲ.

ಕೆಲಸಕ್ಕೆ ಕ್ರಮ ಬೇಕು. ಮೇ ತಿಂಗಳಲ್ಲಿಯೇ ಬೆಕ್ಕುಗಳ ಪಟ್ಟಿ ಆಗಲಿ. ಮೊದಲು ಹೆಣ್ಣು ಬೆಕ್ಕು. ಹತ್ತರಲ್ಲಿ ಒಂಬತ್ತು ಗಂಡಿಗೆ ಆಪರೇಷನ್ ಮಾಡಿ ಒಂದನ್ನು ಬಿಟ್ಟರೂ ಆ ಒಂದೇ ಸಾಕು. ಗಂಡಿಗೂ ಮಾಡಿಸಿದರೆ ಕಚ್ಚಾಟ, ರಾತ್ರಿಯ ಕಿರುಚಾಟ, ಮೂತ್ರದ ದುರ್ನಾತ ಇಳಿಯುತ್ತದೆ. ಒಂದು ಕಡೆಯ ಬೆಕ್ಕುಗಳಲ್ಲಿ 70 ಶೇಕಡಾಕ್ಕಿಂತ ಹೆಚ್ಚಿನವಕ್ಕೆ ಆಗಬೇಕು. ಅಲ್ಲೊಂದು ಇಲ್ಲೊಂದು ಮಾಡಿ ಫೋಟೋ ತೆಗೆಸಿಕೊಂಡರೆ ಏನೂ ಫಲವಿಲ್ಲ. ಎರಡು ತಿಂಗಳು ತುಂಬಿ ಒಂದು ಕಿಲೋ ತೂಗುವ ಮರಿಗೂ ನುರಿತ ಪಶುವೈದ್ಯರು ಆಪರೇಷನ್ ಮಾಡುತ್ತಾರೆ. ಹಾಲೂಡುವ ತಾಯಿಯನ್ನು ಹಿಡಿದರೆ ಮರಿ ಎಲ್ಲಿದೆ ಎಂದು ಮೊದಲು ಹುಡುಕಬೇಕು.

ಹಿಡಿದ ಕೂಡಲೇ ಬೋನಿನ ಮೇಲೆ ಬಟ್ಟೆ ಹೊದಿಸಿ, ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಮಳೆಗಾಲವಾದ್ದರಿಂದ ಒಣ ಜಾಗ ಬೇಕೇ ಬೇಕು. ಆಪರೇಷನ್ ಆದ ಗಂಡು ಬೆಕ್ಕನ್ನು ಮರುದಿನದ ವರೆಗೆ, ಹೆಣ್ಣನ್ನು ಒಂದೆರಡು ದಿನ ಸೂರಿನಡಿ ಇಟ್ಟು, ಮತ್ತು ಪೂರ್ತಿ ಇಳಿದ ಮೇಲೆಯೇ ಬಿಡಬೇಕು. ಮೀನಿಲ್ಲದೆ ಖಾಲಿ ಬಿದ್ದಿರುವ ಒಂದು ಗೋಡೌನು ಎರಡು ತಿಂಗಳ ಮಟ್ಟಿಗೆ ಸಿಕ್ಕಿದರೆ ಸಾಕು.

ಆಹಾರ ಹಾಕುವವರಿಗೆ ನಾಲ್ಕು ಮಾತು

ಆ 61 ದಿನ ಆಹಾರ ಹಾಕುವ ಪುಣ್ಯವಂತರೂ ನಮ್ಮಲ್ಲಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಆಪರೇಷನ್ ಇಲ್ಲದೆ ಬರೀ ಅನ್ನ ಹಾಕಿದರೆ ಮುಂದಿನ ವರ್ಷ ಹಸಿಯುವ ಬಾಯಿಗಳು ಹೆಚ್ಚುತ್ತವೆ, ಅಷ್ಟೇ. ಅನ್ನ ಮತ್ತು ಆಪರೇಷನ್ ಎರಡೂ ಜೊತೆಗೆ ನಡೆಯಬೇಕು.

ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕಿ. ಬೆಕ್ಕುಗಳು ಎಣಿಕೆಗೂ ಸಿಗುತ್ತವೆ, ಬೋನಿಗೂ ಸಿಗುತ್ತವೆ. ಉಳಿದದ್ದನ್ನು ತೆಗೆದು ಜಾಗ ಶುಚಿ ಮಾಡಿ, ಇಲ್ಲದಿದ್ದರೆ ಅದು ಹೆಗ್ಗಣದ ಊಟ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ "ಸಮುದಾಯ ಪ್ರಾಣಿ" ಎಂಬ ಮಾತೇ ಬಂದಿದೆ. ವಸತಿ ಪ್ರದೇಶದಲ್ಲಿ ಇವುಗಳಿಗೆ ಆಹಾರ ಹಾಕುವ ಜಾಗ ಮಕ್ಕಳು ಆಡುವಲ್ಲಿ, ಮೆಟ್ಟಿಲ ಬುಡದಲ್ಲಿ, ಜನ ಓಡಾಡುವ ಬಾಗಿಲಲ್ಲಿ ಇರಬಾರದು, ಕಸ ಮಾಡಬಾರದು ಎಂದೂ ಅದರಲ್ಲಿ ಹೇಳಿದೆ. ಹಕ್ಕಿಗಳು ಗೂಡು ಕಟ್ಟುವ ಕಾಂಡ್ಲಾ ಬದಿಯಲ್ಲಿ ಆಹಾರ ಹಾಕಿ ಬೆಕ್ಕು ಸೇರಿಸುವುದೂ ಸರಿಯಲ್ಲ. ಬೆಕ್ಕು ಹೊಟ್ಟೆ ತುಂಬಿದ್ದರೂ ಬೇಟೆ ಬಿಡುವ ಪ್ರಾಣಿಯಲ್ಲ.

ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ದನದ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಬೇಯಿಸಿದ ಮೀನೋ ಕೋಳಿಯೋ ಸ್ವಲ್ಪ ಅನ್ನದ ಜೊತೆ ಸಾಕು. ಬೆಕ್ಕಿಗೆ ಜ್ವರ ಬಂದಂತೆ ಕಂಡರೆ ಮನೆಯ ಪ್ಯಾರಸಿಟಮಾಲ್ ಮಾತ್ರೆ ಮುರಿದು ಕೊಡಬೇಡಿ, ಅದು ಬೆಕ್ಕಿಗೆ ವಿಷ. ನಾಯಿಯ ಉಣ್ಣಿಗೆ ಹಾಕುವ ಮದ್ದನ್ನೂ ವೈದ್ಯರನ್ನು ಕೇಳದೆ ಬೆಕ್ಕಿಗೆ ಹಾಕಬೇಡಿ. ಬೆಕ್ಕು ಕಚ್ಚಿದರೆ, ಪರಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಹುಚ್ಚುರೋಗ ಹೆಚ್ಚಾಗಿ ಬರುವುದು ನಾಯಿಯಿಂದ ನಿಜ, ಆದರೆ ಬೆಕ್ಕಿನಿಂದಲೂ ಬರುತ್ತದೆ.

ಪಾಪ ಯಾವುದು?

"ಆಪರೇಷನ್ ಮಾಡಿಸುವುದು ಪಾಪ ಅಲ್ವಾ? ದೇವರು ಕೊಟ್ಟ ಸಂತಾನ" ಎಂದು ಹೇಳುವ ಹಿರಿಯರು ಇದ್ದಾರೆ. ಅವರ ಮನಸ್ಸು ಮೃದು, ಅಲ್ಲಗಳೆಯುವುದಿಲ್ಲ. ಆದರೆ ಒಂದು ಕಡೆ ಮತ್ತಿನ ಮದ್ದು ಕೊಟ್ಟು ಮಾಡುವ ಒಂದು ಸಣ್ಣ ಶಸ್ತ್ರಕ್ರಿಯೆ. ಇನ್ನೊಂದು ಕಡೆ ವರ್ಷ ವರ್ಷ ನಾಲ್ಕು ಮರಿ ಹಾಕಿ ಮೂರನ್ನು ಕಳೆದುಕೊಂಡು, ರಾತ್ರಿಯಿಡೀ ಕೂಗುತ್ತ ಹುಡುಕುವ ತಾಯಿ. ಪಾಪದ ತೂಕ ಯಾವ ಕಡೆಗೆ ಹೆಚ್ಚು ಎಂದು ಅವರೇ ತಕ್ಕಡಿ ಹಿಡಿದು ಹೇಳಲಿ. ಗೋಣಿಚೀಲದ ಬಾಯಿ ಕಟ್ಟುವಾಗ ನೆನಪಾಗದ ಪಾಪ ಪಶು ಆಸ್ಪತ್ರೆಯ ಬಾಗಿಲಲ್ಲಿ ನೆನಪಾಗುವುದು ಏಕೆ?

"ಮನುಷ್ಯರಿಗೇ ಗತಿ ಇಲ್ಲ, ಬೆಕ್ಕಿಗೆಂತ ಖರ್ಚು?" ಎಂಬ ಪ್ರಶ್ನೆಯೂ ಬರುತ್ತದೆ. ಖರ್ಚು ಈಗಲೂ ಆಗುತ್ತಿದೆ. ಸತ್ತ ಮರಿ ಎತ್ತುವ ಪೌರಕಾರ್ಮಿಕರ ಕೆಲಸ ಖರ್ಚಲ್ಲವೇ? ಕಚ್ಚಿಸಿಕೊಂಡವರ ಲಸಿಕೆ ಖರ್ಚಲ್ಲವೇ? ಒಮ್ಮೆ ಆಪರೇಷನ್ ಆದ ಬೆಕ್ಕಿನಿಂದ ಮುಂದೆ ಹುಟ್ಟುವ ಮರಿಯ ಖರ್ಚು ಸೊನ್ನೆ.

ಆದ್ದರಿಂದ ನಮ್ಮ ಕೇಳಿಕೆ ದೊಡ್ಡದಲ್ಲ. ಮಹಾನಗರಪಾಲಿಕೆಯವರು ಮೇ ತಿಂಗಳು ಮುಗಿಯುವುದರೊಳಗೆ ಹತ್ತಿಪ್ಪತ್ತು ಬೋನು ಒದಗಿಸಬಹುದೇ? ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯವರು ಆ ಎರಡು ತಿಂಗಳಲ್ಲಿ ವಾರಕ್ಕೊಂದು ದಿನ ಬೆಕ್ಕಿಗೆಂದು ಮೀಸಲಿಡಬಹುದೇ? ಮೀನುಗಾರರ ಸಂಘಗಳು ಒಂದು ಒಣ ಕೋಣೆಯನ್ನೂ ನಾಲ್ಕು ಯುವಕರನ್ನೂ ಕೊಡಬಹುದೇ? ಪ್ರಾಣಿದಯಾ ಸಂಘದವರು ಪಟ್ಟಿ ಬರೆಯಲು ಮುಂದೆ ಬರಬಹುದೇ? ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ, ಮಂತ್ರಿಗಳ ಹಾರ-ತುರಾಯಿಯೂ ಬೇಡ.

ಇವರೆಲ್ಲರಿಗಿಂತ ಮೊದಲಿನ ಪ್ರಶ್ನೆ ಈ ಪತ್ರಿಕೆ ಕೈಯಲ್ಲಿ ಹಿಡಿದವರಿಗೆ. ನಿಮ್ಮ ಮನೆಯ ಹೆಣ್ಣು ಬೆಕ್ಕಿಗೆ ಆಪರೇಷನ್ ಆಗಿದೆಯೇ? ಆಗದಿದ್ದರೆ ಇಂದು ಅಟ್ಟದಲ್ಲಿ ಮಿಯಾಂವ್ ಎನ್ನುವ ಮರಿಗೆ ಎರಡು ತಿಂಗಳು ತುಂಬುವ ತನಕ ತಾಯಿಯ ಜೊತೆ ಇರಲು ಬಿಡಿ, ಕೇಳಿದವರ ಮನೆಗೆ ಕೊಡಿ, ತಾಯಿಯನ್ನು ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ದಕ್ಕೆ ಅನಾಥಾಲಯವಲ್ಲ. ಅಲ್ಲಿ ಮೀನು ಇರುವುದು ಹತ್ತು ತಿಂಗಳು ಮಾತ್ರ.

ಬೋಟುಗಳು ದಡ ಸೇರುವ ಮೊದಲು ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?